ಇದ್ದನಂತೆ, ಇದ್ದನು, ಇದ್ದೆವು: ಮಕ್ಕಳ ಕಥನದಲ್ಲಿ ಕೇಳಿಕೆಯ ವ್ಯಾಕರಣ

ಸಾರಾಂಶ

ಜಾನಪದ, ಇತಿಹಾಸ ಮತ್ತು ಕುಟುಂಬದ ವಲಸೆಯ ನೆನಪು ಎಂಬ ಮೂರು ಮೂಲಗಳಿಂದ ಮಕ್ಕಳ ಕಥಾಸಾಹಿತ್ಯವು ತನ್ನ ವಸ್ತುವನ್ನು ಪಡೆಯುತ್ತದೆ. ಈ ಮೂರರಲ್ಲಿಯೂ ‘ನಮಗೆ ಇದು ಹೇಗೆ ತಿಳಿಯಿತು’ ಎಂಬ ಪ್ರಶ್ನೆಗೆ ಉತ್ತರ ಬೇರೆ ಬೇರೆ. ಆಡುಗನ್ನಡವು ಈ ವ್ಯತ್ಯಾಸವನ್ನು ‘ಅಂತೆ’ ಎಂಬ ರೂಪದಿಂದ ವಾಕ್ಯದಲ್ಲಿಯೇ ತೋರಿಸಬಲ್ಲದು. ಮಕ್ಕಳಿಗಾಗಿ ಅಚ್ಚಾಗುವ ಗದ್ಯವು ಬಹುಮಟ್ಟಿಗೆ ಅದನ್ನು ಕೈಬಿಟ್ಟಿದೆ. ಈ ಲೋಪವು ಕೇವಲ ಶೈಲಿಯದಲ್ಲ, ಓದುವ ಮಗುವಿನ ಇತಿಹಾಸಪ್ರಜ್ಞೆಗೆ ಸಂಬಂಧಿಸಿದ್ದು ಎಂಬುದು ಪ್ರಸ್ತುತ ಲೇಖನದ ವಾದ.

ಪಾರಿಭಾಷಿಕ ಪದಗಳು: ಆಧಾರಸೂಚಕತೆ, ಕೇಳಿಕೆಸೂಚಕ, ಮಕ್ಕಳ ಸಾಹಿತ್ಯ, ಐತಿಹ್ಯ, ಅನುವಾದ

1. ಪ್ರಶ್ನೆಯ ಸ್ವರೂಪ

ಮಕ್ಕಳ ಸಾಹಿತ್ಯವನ್ನು ಕುರಿತ ಕನ್ನಡ ವಿಮರ್ಶೆಯು ಸಾಮಾನ್ಯವಾಗಿ ಮೂರು ಅಳತೆಗೋಲುಗಳನ್ನು ಬಳಸುತ್ತ ಬಂದಿದೆ: ಭಾಷೆ ಸರಳವಾಗಿದೆಯೆ, ವಸ್ತು ಮಗುವಿನ ಮನಸ್ಸಿಗೆ ಒಗ್ಗುತ್ತದೆಯೆ, ನೀತಿ ಹೇರಿಕೆಯಾಗದೆ ಒಳಗಿನಿಂದ ಮೂಡಿದೆಯೆ. ಇವು ಅಗತ್ಯವಾದ ಪ್ರಶ್ನೆಗಳೇ. ಆದರೆ ಭಾಷಾವಿಜ್ಞಾನದ ಕಡೆಯಿಂದ ನೋಡುವವರಿಗೆ ಇನ್ನೊಂದು ಪ್ರಶ್ನೆ ಇವುಗಳಿಗಿಂತ ಮೊದಲೇ ಎದುರಾಗುತ್ತದೆ. ಕಥೆಯ ಒಂದು ವಾಕ್ಯವು ಯಾರ ಮಾತಿನ ಬಲದಿಂದ ನಿಂತಿದೆ? ಕೆಳಗಿನ ಮೂರು ವಾಕ್ಯಗಳನ್ನು ಗಮನಿಸಬಹುದು.

(ಅ) ಒಂದು ಊರಿನಲ್ಲಿ ಒಬ್ಬ ರಾಜ ಇದ್ದನಂತೆ.
(ಆ) ಚಿತ್ರದುರ್ಗದಲ್ಲಿ ಮದಕರಿ ನಾಯಕನೆಂಬ ಅರಸನಿದ್ದನು.
(ಇ) ಆಗ ನಾವು ಹೊಳೆಯ ಆಚೆಯ ಊರಿನಲ್ಲಿ ಇದ್ದೆವು.

ಮೂರರಲ್ಲಿಯೂ ಇರುವುದು ‘ಇರು’ ಧಾತುವಿನ ಭೂತಕಾಲದ ರೂಪವೇ. ಆದರೂ ಕನ್ನಡ ಬಲ್ಲ ಮಗು ಮೂರನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳುತ್ತದೆ. ಮೊದಲನೆಯದು ಕಥೆ, ಹೇಳುವವರು ರಾಜನನ್ನು ಕಂಡವರಲ್ಲ, ಕಂಡೆವೆಂದು ಹೇಳಿಕೊಳ್ಳುವವರೂ ಅಲ್ಲ. ಎರಡನೆಯದು ಚರಿತ್ರೆ, ಹೇಳುವವರು ಕಾಣದಿದ್ದರೂ ಮಾತಿಗೆ ತಾವೇ ಹೊಣೆಯಾಗಿದ್ದಾರೆ. ಮೂರನೆಯದು ನೆನಪು, ಹೇಳುವವರು ಅಲ್ಲಿಯೇ ಇದ್ದವರು. ಜಾನಪದ, ಇತಿಹಾಸ, ಕುಟುಂಬದ ಪಯಣ ಎಂಬ ಮೂರು ಮೂಲಗಳು ಹೀಗೆ ಮೂರು ಬಗೆಯ ಕ್ರಿಯಾರೂಪಗಳಾಗಿ ನಮ್ಮ ಮುಂದಿವೆ. ಇವನ್ನು ಒಂದೇ ಕಥೆಯಲ್ಲಿ ಬೆರೆಸುವುದು ಇಂದಿನ ಮಕ್ಕಳ ಕಾದಂಬರಿ, ಚಿತ್ರಕಥೆಗಳ ಪ್ರಿಯವಾದ ಮಾರ್ಗ. ಬೆರೆಸುವಾಗ ಕ್ರಿಯಾರೂಪಗಳಿಗೆ ಏನಾಗುತ್ತದೆ ಎಂಬುದು ಇಲ್ಲಿನ ವಿಚಾರ.

2. ‘ಅಂತೆ’ಯ ಕೆಲಸಗಳು

ಮಾತಿನ ಆಧಾರವನ್ನು ವ್ಯಾಕರಣದ ಮೂಲಕವೇ ಸೂಚಿಸುವ ಪದ್ಧತಿ ಜಗತ್ತಿನ ಅನೇಕ ಭಾಷೆಗಳಲ್ಲಿದೆ. ರೋಮನ್ ಯಾಕಬ್ಸನ್ 1957ರ ತಮ್ಮ ಪ್ರಬಂಧದಲ್ಲಿ ಇದನ್ನು ಕ್ರಿಯಾಪದದ ಒಂದು ಪ್ರತ್ಯೇಕ ವರ್ಗವೆಂದು ಗುರುತಿಸಿದರು. ಅಲೆಕ್ಸಾಂಡ್ರಾ ಐಕನ್ವಾಲ್ಡ್ ಅವರ 2004ರ ಗ್ರಂಥವು ಅದರ ಜಾಗತಿಕ ಹರಹನ್ನು ವಿವರಿಸಿತು. ತುರ್ಕಿ ಭಾಷೆಯ ಜನಪದ ಕಥೆಗಳು ಕೇಳಿಕೆಯನ್ನು ಸೂಚಿಸುವ ‘ಮಿಶ್’ ಪ್ರತ್ಯಯದಿಂದಲೇ ಆರಂಭವಾಗುವುದು ಪ್ರಸಿದ್ಧವಾದ ಉದಾಹರಣೆ. ನಮ್ಮ ಸುತ್ತಲಿನ ಭಾಷೆಗಳಲ್ಲಿಯೂ ಇದಕ್ಕೆ ಕೊರತೆಯಿಲ್ಲ: ತಮಿಳಿನಲ್ಲಿ ‘ಆಮ್’, ತೆಲುಗಿನಲ್ಲಿ ‘ಅಟ’, ತುಳುವಿನಲ್ಲಿ ‘ಗೆ’, ಮರಾಠಿಯಲ್ಲಿ ‘ಮ್ಹಣೇ’. ಕನ್ನಡದಲ್ಲಿ ಈ ಕೆಲಸವನ್ನು ‘ಅಂತೆ’ ಮಾಡುತ್ತದೆ. ಉತ್ತರ ಕರ್ನಾಟಕದ ಮಾತಿನಲ್ಲಿ ಇದು ‘ಅಂತ’ ಎಂದೂ ಕೇಳಿಬರುತ್ತದೆ.

‘ಅಂತೆ’ಯ ವಾಕ್ಯರಚನೆಯಲ್ಲಿ ನಾಲ್ಕು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯವಾದವು.

ಮೊದಲನೆಯದಾಗಿ, ಅದು ವಾಕ್ಯದ ಕೊನೆಯಲ್ಲಿ, ಲಿಂಗವಚನ ಪ್ರತ್ಯಯಗಳಾದ ಮೇಲೆ ಬರುತ್ತದೆ. ‘ಬಂದನಂತೆ’ ಎಂಬುದು ಕೇಳಿಕೆ, ‘ಬಂದಂತೆ’ ಎಂಬುದು ಹೋಲಿಕೆ. ನಾಮಪದದ ಮೇಲೆ ಬಂದಾಗ ಈ ಎರಡೂ ಒಂದೇ ರೂಪ ತಾಳುತ್ತವೆ. ‘ಅವನು ರಾಜನಂತೆ’ ಎಂಬ ವಾಕ್ಯಕ್ಕೆ ‘ಅವನು ರಾಜನೆಂದು ಹೇಳುತ್ತಾರೆ’ ಎಂದೂ ‘ಅವನು ರಾಜನ ಹಾಗೆ ಇದ್ದಾನೆ’ ಎಂದೂ ಅರ್ಥವಾಗಬಹುದು. ಮಾತಿನಲ್ಲಿ ಧ್ವನಿಯ ಏರಿಳಿತ ಇದನ್ನು ಬಿಡಿಸುತ್ತದೆ. ಬರಹದಲ್ಲಿ ಸಂದರ್ಭವೇ ಬಿಡಿಸಬೇಕು.

ಎರಡನೆಯದಾಗಿ, ನಿಷೇಧವು ‘ಅಂತೆ’ಯ ಒಳಗೇ ಉಳಿಯುತ್ತದೆ. ‘ಬರಲಿಲ್ಲವಂತೆ’ ಎಂದರೆ ಬರಲಿಲ್ಲವೆಂದು ಕೇಳಿದ್ದೇನೆ ಎಂದರ್ಥವೇ ಹೊರತು ಬಂದನೆಂದು ಕೇಳಿಲ್ಲ ಎಂದಲ್ಲ. ಹೇಳಿದ ಸಂಗತಿಯನ್ನು ಅಲ್ಲಗಳೆಯಬಹುದು. ಯಾರೋ ಹೇಳಿದ್ದಾರೆ ಎಂಬುದನ್ನು ಇದೇ ರೂಪದಿಂದ ಅಲ್ಲಗಳೆಯಲಾಗದು.

ಮೂರನೆಯದಾಗಿ, ಪ್ರಶ್ನೆಯಲ್ಲಿ ಆಧಾರವು ಕೇಳುಗನ ಕಡೆಗೆ ಹೊರಳುತ್ತದೆ. ‘ಯಾರು ಬಂದರಂತೆ?’ ಎಂದು ಕೇಳುವವರು ‘ನೀನು ಕೇಳಿರುವುದನ್ನು ಹೇಳು’ ಎನ್ನುತ್ತಿದ್ದಾರೆ. ‘ಊಟಕ್ಕೆ ಬರಬೇಕಂತೆ’ ಎಂದು ಮಗು ಬಂದು ಹೇಳಿದಾಗ ಆಜ್ಞೆ ಅಜ್ಜಿಯದು, ಸುದ್ದಿ ಮಾತ್ರ ಮಗುವಿನದು. ಮನೆಯಲ್ಲಿ ಸುದ್ದಿ ಒಯ್ಯುವ ಕೆಲಸ ಮಕ್ಕಳದೇ ಆದುದರಿಂದ, ಪರರ ಮಾತನ್ನು ಪರರದೆಂದೇ ತಲುಪಿಸುವ ಈ ವಿದ್ಯೆ ಅವರಿಗೆ ಬೇಗನೆ ಕರಗತವಾಗಿರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮಹತ್ವದ್ದು. ‘ಅಂತೆ’ ಉತ್ತಮಪುರುಷದೊಡನೆಯೂ ಬರಬಲ್ಲದು. ‘ನಾನು ಚಿಕ್ಕಂದಿನಲ್ಲಿ ತುಂಬ ಅಳುತ್ತಿದ್ದೆನಂತೆ’ ಎಂಬ ವಾಕ್ಯದಲ್ಲಿ ಅನುಭವ ನನ್ನದೇ, ಆದರೆ ತಿಳಿವಳಿಕೆ ಅಮ್ಮನದೋ ಅಜ್ಜಿಯದೋ. ತನ್ನ ಬದುಕಿನ ಮೊದಲ ಅಧ್ಯಾಯವನ್ನು ಪ್ರತಿಯೊಬ್ಬರೂ ಕೇಳಿಕೆಯಿಂದಲೇ ತಿಳಿದಿರುತ್ತಾರೆ ಎಂಬ ಸತ್ಯವನ್ನು ಕನ್ನಡ ವ್ಯಾಕರಣವು ಎರಡಕ್ಷರಗಳಲ್ಲಿ ಒಪ್ಪಿಕೊಂಡಿದೆ.

ಇದಲ್ಲದೆ ಮಕ್ಕಳ ಆಟದಲ್ಲಿಯೂ ‘ಅಂತೆ’ಗೆ ಜಾಗವಿದೆ. ‘ನಾನು ಅಮ್ಮ ಅಂತೆ, ನೀನು ಪಾಪು ಅಂತೆ’ ಎಂದು ಪಾತ್ರ ಹಂಚಿಕೊಂಡು ಆಟ ಆರಂಭಿಸುವ ಮಕ್ಕಳಿಗೆ ಅದು ಸುಳ್ಳಿನ ಗುರುತಲ್ಲ. ಇಲ್ಲಿಂದಾಚೆಗೆ ಬೇರೊಂದು ಲೋಕ ಎಂಬ ಹೊಸ್ತಿಲು. ಅಳುವ ಮಗುವಿಗೆ ‘ನಾಳೆ ಹೋಗುವಿಯಂತೆ’ ಎನ್ನುವಾಗ ಅದೇ ರೂಪ ಸಮಾಧಾನದ ಮಾತಾಗುತ್ತದೆ. ‘ಇವನೊಬ್ಬ ದೊಡ್ಡ ವಿದ್ವಾಂಸನಂತೆ’ ಎಂಬಲ್ಲಿ ವ್ಯಂಗ್ಯ. ಒಂದೇ ರೂಪಕ್ಕೆ ಇಷ್ಟು ಮುಖಗಳಿರುವುದರಿಂದಲೇ ಅದರ ಲೋಪವೂ ಒಂದೇ ಬಗೆಯದಲ್ಲ.

3. ಅಚ್ಚಿನ ಗದ್ಯದಲ್ಲಿ ನಡೆದ ಬದಲಾವಣೆ

ಬಾಯಲ್ಲಿ ಹೇಳುವ ಕಥೆ ‘ಇದ್ದನಂತೆ’ ಎಂದು ತೊಡಗಿದರೆ, ಪುಸ್ತಕದ ಕಥೆ ‘ಇದ್ದನು’ ಎಂದು ತೊಡಗುತ್ತದೆ. ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ‘ಅಂತೆ’ ಆಡುಮಾತಿನದೆಂಬ ಭಾವನೆ ಒಂದು. ಪ್ರತಿ ವಾಕ್ಯದ ಕೊನೆಯಲ್ಲಿ ಬಂದರೆ ಓದುವಾಗ ಬೇಸರವಾಗುತ್ತದೆ ಎಂಬುದು ಇನ್ನೊಂದು. ಹೇಳುವ ಕಥೆಯಲ್ಲಿ ‘ಅಂತೆ’ಗಳ ನಡುವೆ ಕೇಳುಗರ ‘ಹೂಂ’ ಇರುತ್ತದೆ. ಅಚ್ಚಿನಲ್ಲಿ ಆ ‘ಹೂಂ’ ಇಲ್ಲ. ಪಠ್ಯಪುಸ್ತಕದ ಗದ್ಯವು ‘ನು, ಳು, ತು’ಗಳಲ್ಲಿ ಮುಗಿಯುವ ಪೂರ್ಣರೂಪಗಳನ್ನೇ ಶಿಷ್ಟವೆಂದು ಕಲಿಸಿದ್ದು ಮೂರನೆಯ ಕಾರಣ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ದೊಡ್ಡವರಿಗಾಗಿ ಬರೆಯುವ ಗದ್ಯವು ‘ಅಂತೆ’ಯನ್ನು ಬಿಟ್ಟರೂ ಅದರ ಕೆಲಸವನ್ನು ಬಿಟ್ಟಿಲ್ಲ. ಸಂಶೋಧಕರು ‘ಎಂಬ ಪ್ರತೀತಿಯಿದೆ’, ‘ಎಂಬುದು ಐತಿಹ್ಯ’ ಎನ್ನುತ್ತಾರೆ. ವರದಿಗಾರರು ‘ಎನ್ನಲಾಗಿದೆ’ ಎನ್ನುತ್ತಾರೆ. ಮಕ್ಕಳ ಗದ್ಯದಲ್ಲಿ ‘ಎನ್ನಲಾಗಿದೆ’ ಎಂದು ಬರೆದರೆ ಠಾಣೆಯ ವರದಿಯಂತಾಗುತ್ತದೆ. ‘ಪ್ರತೀತಿಯಿದೆ’ ಎಂಬುದು ಭಾರವಾಗುತ್ತದೆ. ಆದ್ದರಿಂದ ಅಲ್ಲಿ ಎರಡೂ ಬರುವುದಿಲ್ಲ, ‘ಅಂತೆ’ಯೂ ಬರುವುದಿಲ್ಲ. ಆಧಾರದ ಸೂಚನೆ ಯಾರಿಗೆ ಹೆಚ್ಚು ಬೇಕೋ ಆ ಓದುಗರ ಗದ್ಯದಲ್ಲಿಯೇ ಅದು ಎಲ್ಲಕ್ಕಿಂತ ಕಡಿಮೆ.

ಎ. ಕೆ. ರಾಮಾನುಜನ್ ಅವರು ಕನ್ನಡ ಜಾನಪದವನ್ನು ಕುರಿತ ತಮ್ಮ ಬರಹಗಳಲ್ಲಿ ಸಂಗಂ ಕಾವ್ಯಮೀಮಾಂಸೆಯ ‘ಅಹಂ’ ಮತ್ತು ‘ಪುರಂ’ ಎಂಬ ವಿಭಾಗವನ್ನು ಬಳಸಿಕೊಂಡರು. ಅಡುಗೆಮನೆಯಲ್ಲಿ ಅಜ್ಜಿಯರು ಹೇಳುವ ಕಥೆಗಳಲ್ಲಿ ಪಾತ್ರಗಳಿಗೆ ಹೆಸರಿರುವುದಿಲ್ಲ, ಊರಿಗೂ ಹೆಸರಿರುವುದಿಲ್ಲ. ಅದೇ ಕಥೆ ಮನೆಯಿಂದ ಹೊರಬಂದು ಸಾರ್ವಜನಿಕವಾಗುತ್ತಿದ್ದಂತೆ ಹೆಸರುಗಳು ಸೇರಿಕೊಳ್ಳುತ್ತವೆ. ಈ ಅವಲೋಕನಕ್ಕೆ ವ್ಯಾಕರಣದ ಒಂದು ಜೋಡಿಯನ್ನು ಸೇರಿಸಬಹುದು. ಹೆಸರಿಲ್ಲದ ರಾಜ ‘ಇದ್ದನಂತೆ’, ಹೆಸರುಳ್ಳ ಅರಸ ‘ಇದ್ದನು’. ಈ ಎರಡು ಜೋಡಿಗಳು ಸರಿಯಾಗಿರುವವರೆಗೆ ಮಗುವಿಗೆ ಗೊಂದಲವಿಲ್ಲ. ಐತಿಹ್ಯದಿಂದ ಬಂದ ಸಂಗತಿಗೆ ಹೆಸರು, ಊರು, ಇಸವಿಗಳನ್ನು ಕೊಟ್ಟು, ‘ನು’ ಎಂದು ಮುಗಿಸಿದಾಗ ತೊಡಕು ಹುಟ್ಟುತ್ತದೆ.

ತುಳುನಾಡಿನ ಕೋಟಿ ಚೆನ್ನಯರ ಕಥೆ ಈ ತೊಡಕನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅವಳಿ ವೀರರ ಈ ಪಾಡ್ದನವನ್ನು ಆಧರಿಸಿ ಪಂಜೆ ಮಂಗೇಶರಾಯರು ಕನ್ನಡ ಗದ್ಯದಲ್ಲಿ ‘ಕೋಟಿ ಚೆನ್ನಯ’ವನ್ನು ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಕನ್ನಡ ಮಕ್ಕಳಿಗೆ ಓದುವ ಪುಸ್ತಕಗಳು ಬೇಕೆಂದು ದುಡಿದವರು ಅವರು. ಪಾಡ್ದನವು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ ಪ್ರಥಮಪುರುಷದ ಕಥನ. ನೇಮದ ಅಂಗಳದಲ್ಲಿ ಆವೇಶಗೊಂಡ ಪಾತ್ರಿ ‘ನಾನು’ ಎಂದು ಮಾತನಾಡುವಾಗ ಅದು ಉತ್ತಮಪುರುಷದ ಮಾತು. ಅಚ್ಚಿನ ಕನ್ನಡಕ್ಕೆ ಬಂದಾಗ ಈ ಎರಡು ನೆಲೆಗಳೂ ಕರಗಿ, ಯಾರೋ ಒಬ್ಬ ಅನಾಮಿಕ ನಿರೂಪಕನ ಸ್ವರ ಉಳಿಯುತ್ತದೆ. ಗರಡಿಗಳಲ್ಲಿ ಪೂಜೆ ಪಡೆಯುವ ವೀರರ ಕಥೆ ತುಳು ಬಾರದ ಮಗುವಿಗೂ ದೊರೆಯಿತು ಎಂಬುದು ದೊಡ್ಡ ಲಾಭ. ಅದು ಯಾರ ಬಾಯಿಂದ ಬಂತು ಎಂಬ ಗುರುತು ಹೋಯಿತು ಎಂಬುದು ನಷ್ಟ. ಲಾಭವನ್ನು ಉಳಿಸಿಕೊಂಡೇ ನಷ್ಟವನ್ನು ತುಂಬಲು ಸಾಧ್ಯವೆ ಎಂಬುದು ಮುಂದಿನ ಪ್ರಶ್ನೆ.

4. ಓಬವ್ವ ನಿಂತಳೆ, ನಿಂತಳಂತೆಯೆ?

ಇತಿಹಾಸವನ್ನು ಆಧರಿಸಿದ ಮಕ್ಕಳ ಕಥೆಗಳಲ್ಲಿ ಒನಕೆ ಓಬವ್ವನಷ್ಟು ಪ್ರಿಯಳಾದ ಪಾತ್ರ ಕನ್ನಡದಲ್ಲಿ ವಿರಳ. ಕಥೆಯ ಸುತ್ತಣ ಚೌಕಟ್ಟು ದಾಖಲೆಗಳಲ್ಲಿದೆ. ಚಿತ್ರದುರ್ಗವು 1779ರಲ್ಲಿ ಹೈದರಾಲಿಯ ವಶವಾಯಿತು. ಮದಕರಿ ನಾಯಕನು ಸೆರೆಯಾದನು. ಅದಕ್ಕೂ ಮುಂಚಿನ ಮುತ್ತಿಗೆಯೊಂದರಲ್ಲಿ, ಕಾವಲುಗಾರನ ಹೆಂಡತಿ ಕಿಂಡಿಯ ಬಳಿ ಒನಕೆ ಹಿಡಿದು ನಿಂತು ಒಳನುಸುಳುವ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೊಂದ ಸಂಗತಿ ನಮಗೆ ಮುಖ್ಯವಾಗಿ ಸ್ಥಳೀಯ ಐತಿಹ್ಯದಿಂದ ಬಂದದ್ದು. ತ.ರಾ.ಸು. ಅವರ ಬರವಣಿಗೆಯೂ 1972ರ ‘ನಾಗರಹಾವು’ ಚಲನಚಿತ್ರವೂ ಅದನ್ನು ನಾಡಿನ ಮನೆಮನೆಗೆ ಮುಟ್ಟಿಸಿದವು.

ಮಕ್ಕಳ ಪುಸ್ತಕದಲ್ಲಿ ಈ ಎರಡೂ ಬಗೆಯ ಸಂಗತಿಗಳು ಒಂದೇ ಕ್ರಿಯಾರೂಪದಲ್ಲಿ ಬರುತ್ತವೆ: ಕೋಟೆ ವಶವಾಯಿತು, ಓಬವ್ವ ನಿಂತಳು. ಹೀಗಲ್ಲದೆ, ‘ಕೋಟೆ 1779ರಲ್ಲಿ ಹೈದರಾಲಿಯ ವಶವಾಯಿತು. ಅದಕ್ಕೂ ಮುಂಚೆ ಒಮ್ಮೆ ಓಬವ್ವ ಎಂಬವಳು ಕಿಂಡಿಯ ಬಳಿ ಒನಕೆ ಹಿಡಿದು ನಿಂತಳಂತೆ’ ಎಂದು ಬರೆಯಬಹುದಲ್ಲವೆ?

ಇದಕ್ಕೆ ಬರುವ ಆಕ್ಷೇಪ ನಿರೀಕ್ಷಿತ, ಮತ್ತು ಗಂಭೀರ. ‘ಅಂತೆ’ ಎಂದರೆ ಅನುಮಾನವೆಂದಾಗುತ್ತದೆ, ವೀರವನಿತೆಯನ್ನು ಅನುಮಾನಿಸಿದಂತಾಗುತ್ತದೆ. ‘ಅಂತೆಕಂತೆ’ ಎಂಬ ಜೋಡುನುಡಿ ಗಾಳಿಮಾತಿಗೆ ಹೆಸರಾಗಿರುವುದೂ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ದಾಖಲೆಯುಳ್ಳವರಿಗೆ ‘ನು, ಳು’, ಇಲ್ಲದವರಿಗೆ ‘ಅಂತೆ’ ಎಂದಾದರೆ, ಬರಹ ಬಲ್ಲವರ ಕೈಯಲ್ಲಿದ್ದ ಅಧಿಕಾರವನ್ನೇ ವ್ಯಾಕರಣವು ಮತ್ತೊಮ್ಮೆ ಎತ್ತಿಹಿಡಿದಂತಾಗದೆ?

ಉತ್ತರವನ್ನು ‘ಅಂತೆ’ಯ ಸ್ವಭಾವದಲ್ಲಿಯೇ ಹುಡುಕಬೇಕು. ‘ಅಂತೆ’ಗೆ ಎರಡು ಮುಖಗಳಿವೆ. ಹೊಣೆಯನ್ನು ಕೆಳಗಿಳಿಸುವುದು ಒಂದು. ಕೇಳಿದ್ದನ್ನು ಮುಂದಿನವರಿಗೆ ಕೈಮುಟ್ಟಿಸುವುದು ಇನ್ನೊಂದು. ನೆರೆಮನೆಯ ಸುದ್ದಿ ಹೇಳುವಾಗ ಮೊದಲನೆಯದು ಮುಂದಾಗುತ್ತದೆ, ಕಥೆ ಹೇಳುವಾಗ ಎರಡನೆಯದು. ಅಜ್ಜಿ ‘ಇದ್ದನಂತೆ’ ಎಂದಾಗ ಯಾವ ಮೊಮ್ಮಗುವೂ ‘ಹಾಗಾದರೆ ಇರಲಿಲ್ಲವೇನೋ’ ಎಂದುಕೊಳ್ಳುವುದಿಲ್ಲ. ಇದು ಅಜ್ಜಿಗೆ ಅವಳ ಅಜ್ಜಿಯಿಂದ ಬಂತು ಎಂದುಕೊಳ್ಳುತ್ತದೆ. ಆ ಅರ್ಥದಲ್ಲಿ ‘ಅಂತೆ’ಯು ಅನುಮಾನದ ಗುರುತಲ್ಲ, ಪರಂಪರೆಯ ಮೊಹರು.

ಓಬವ್ವನ ವಿಷಯದಲ್ಲಿ ಈ ಮೊಹರಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಕಿತ್ತೂರಿನಲ್ಲಿ 1824ರ ಅಕ್ಟೋಬರಿನಲ್ಲಿ ಠಾಕರೆ ಹತನಾದ ಸಂಗತಿಯನ್ನು ಆಳುವವರೇ ಬರೆದಿಟ್ಟರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದನ್ನೂ ಬರೆದಿಟ್ಟರು. ಕಾವಲುಗಾರನ ಹೆಂಡತಿಯ ಹೆಸರನ್ನು ಬರೆದಿಡಬೇಕೆಂದು ಯಾವ ದರಬಾರಿಗೂ ಅನ್ನಿಸುವಂತಿರಲಿಲ್ಲ. ಅವಳನ್ನು ಉಳಿಸಿದ್ದು ದುರ್ಗದ ಜನರ ಬಾಯಿ. ‘ನಿಂತಳಂತೆ’ ಎಂಬ ರೂಪವೇ ಅವಳ ಪತ್ರಾಗಾರ. ಅದನ್ನು ತೆಗೆದು ‘ನಿಂತಳು’ ಎಂದಾಗ ಓಬವ್ವನಿಗೆ ಗೌರವ ಹೆಚ್ಚಿತೆಂದು ನಾವು ಭಾವಿಸುತ್ತೇವೆ. ಅವಳನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲ ಬಾಯಿಂದ ಬಾಯಿಗೆ ಒಯ್ದವರು ಅದೇ ಕ್ಷಣದಲ್ಲಿ ಕಣ್ಮರೆಯಾಗುತ್ತಾರೆ. ರಾಯಣ್ಣನ ವಿಷಯದಲ್ಲಿಯೂ ಲಾವಣಿಯು ಹೇಳುವುದೆಲ್ಲ ಕಡತದಲ್ಲಿಲ್ಲ, ಕಡತ ಹೇಳುವುದೆಲ್ಲ ಲಾವಣಿಯಲ್ಲಿಲ್ಲ. ಎರಡನ್ನೂ ಒಂದೇ ‘ನು’ವಿನಲ್ಲಿ ಮುಗಿಸಿದರೆ ಮಗು ಎರಡನ್ನೂ ಗುರುತಿಸಲಾರದು.

ಚಿತ್ರಗಳುಳ್ಳ ಪುಸ್ತಕದಲ್ಲಿ ಈ ಸಮಸ್ಯೆ ಇಮ್ಮಡಿಯಾಗುತ್ತದೆ. 1967ರಲ್ಲಿ ಅನಂತ ಪೈ ಅವರು ಆರಂಭಿಸಿದ ಅಮರ ಚಿತ್ರ ಕಥಾ ಮಾಲೆಯು ಪುರಾಣ, ಜಾನಪದ, ಇತಿಹಾಸಗಳನ್ನು ಒಂದೇ ಅಳತೆಯ ಪುಟಗಳಲ್ಲಿ, ಒಂದೇ ಬಗೆಯ ಚೌಕಗಳಲ್ಲಿ ತಲೆಮಾರುಗಳ ಮಕ್ಕಳಿಗೆ ಕೊಟ್ಟಿತು. ಚಿತ್ರಕ್ಕೆ ‘ಅಂತೆ’ ಎನ್ನಲು ಬಾರದು. ಬಿಡಿಸಿದ ಮುಖ ಇದ್ದ ಮುಖವೇ ಆಗಿ ಕಾಣುತ್ತದೆ. ಸಂಭಾಷಣೆಯ ಗುಳ್ಳೆಯೊಳಗಿನ ಮಾತು ಆಡಿದ ಮಾತೇ ಆಗಿ ಕೇಳಿಸುತ್ತದೆ. ಚೌಕದ ತಲೆಯ ಮೇಲಿನ ನಿರೂಪಣೆಯ ಸಾಲೊಂದೇ ಅಲ್ಲಿ ಆಧಾರವನ್ನು ಸೂಚಿಸಬಲ್ಲ ಜಾಗ. ಆದುದರಿಂದ ಚಿತ್ರ ಹೆಚ್ಚಿದಷ್ಟೂ ಆ ಒಂದು ಸಾಲಿನ ವ್ಯಾಕರಣದ ಹೊಣೆ ಹೆಚ್ಚುತ್ತದೆ.

5. ಪಯಣದ ಕಥೆ: ಕಂಡದ್ದು, ಕೇಳಿದ್ದು

ಕುಟುಂಬದ ವಲಸೆಯನ್ನು ಆಧರಿಸಿದ ಮಕ್ಕಳ ಕಾದಂಬರಿಯು ಕೇಳಿಕೆಯ ಸಮಸ್ಯೆಯನ್ನು ಇನ್ನೊಂದು ದಿಕ್ಕಿನಿಂದ ಎತ್ತುತ್ತದೆ. ವೀರಾ ಹಿರಾನಂದಾನಿ ಅವರ ‘ದಿ ನೈಟ್ ಡೈರಿ’ (2018) ಇದಕ್ಕೆ ಒಳ್ಳೆಯ ನಿದರ್ಶನ. 2019ರಲ್ಲಿ ನ್ಯೂಬೆರಿ ಗೌರವ ಪಡೆದ ಈ ಇಂಗ್ಲಿಷ್ ಕಾದಂಬರಿಯು ಅಮೆರಿಕದಲ್ಲಿ ಬೆಳೆದ ಲೇಖಕಿ ತಮ್ಮ ತಂದೆಯ ಕುಟುಂಬವು 1947ರಲ್ಲಿ ಸಿಂಧ್ ಪ್ರಾಂತದ ಮೀರ್‌ಪುರ್ ಖಾಸ್‌ನಿಂದ ಜೋಧಪುರಕ್ಕೆ ಬಂದ ನೆನಪನ್ನು ಆಧರಿಸಿ ಬರೆದದ್ದು. ಹನ್ನೆರಡು ವರ್ಷದ ನಿಶಾ, ಅವಳ ಅವಳಿ ತಮ್ಮ ಅಮೀಲ್, ವೈದ್ಯನಾದ ತಂದೆ, ಅಜ್ಜಿ ಇವರ ಪಯಣವು ನಿಶಾಳ ದಿನಚರಿಯಲ್ಲಿ ದಾಖಲಾಗುತ್ತದೆ. ಅಡುಗೆಯ ಕಾಜಿ ಕೊಟ್ಟ ಆ ಪುಸ್ತಕದಲ್ಲಿ ಅವಳು ಬರೆಯುವುದು ತಾನು ಹುಟ್ಟುವಾಗಲೇ ತೀರಿಕೊಂಡ ತಾಯಿಗೆ. ತಂದೆ ಹಿಂದೂ, ತಾಯಿ ಮುಸ್ಲಿಂ. ಗಡಿಯ ಗೆರೆ ಮನೆಯೊಳಗಿಂದಲೇ ಹಾದುಹೋಗುತ್ತದೆ.

ಲೇಖಕಿಯ ಪಾಲಿಗೆ ಇಡೀ ವಸ್ತು ಕೇಳಿಕೆಯದು. ದಿನಚರಿಯ ರೂಪವು ಆ ಕೇಳಿಕೆಯನ್ನು ಕಂಡದ್ದಾಗಿ ಮಾರ್ಪಡಿಸುತ್ತದೆ. ಇದು ಮೋಸವಲ್ಲ, ಕಾದಂಬರಿಯ ಧರ್ಮ. ತನ್ನ ಮೂಲವನ್ನು ಲೇಖಕಿ ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ತಿಳಿಸುತ್ತಾರೆ. ಕ್ರಿಯಾಪದದಲ್ಲಿ ಕೇಳಿಕೆಯನ್ನು ತೋರಿಸಲಾಗದ ಭಾಷೆಯಲ್ಲಿ ಅದಕ್ಕೆ ಸಹಜವಾದ ಜಾಗ ಪುಸ್ತಕದ ಅಂಚೇ. ಆದರೆ ಮಕ್ಕಳು ಅಂಚಿನ ಟಿಪ್ಪಣಿಗಳನ್ನು ಓದುವರೆಂಬ ಭರವಸೆ ಯಾರಿಗಿದೆ?

ಈ ಕೃತಿಯನ್ನು ಕನ್ನಡದಲ್ಲಿ ಹೇಳಬೇಕಾದರೆ ಏನಾಗುತ್ತದೆ ಎಂದು ಯೋಚಿಸುವುದು ಉಪಯುಕ್ತ. ನಿಶಾ ಕಡಿಮೆ ಮಾತಿನ ಹುಡುಗಿ, ಹೆಚ್ಚು ಕೇಳಿಸಿಕೊಳ್ಳುವವಳು. ದೇಶ ಎರಡಾಗುವ ಸುದ್ದಿ ಅವಳಿಗೆ ದೊಡ್ಡವರ ಮಾತುಗಳಿಂದ ತಿಳಿಯುತ್ತದೆ. ಬಾಯಾರಿಕೆಯ ದಾರಿಯನ್ನು ಅವಳೇ ನಡೆಯುತ್ತಾಳೆ. ತಾಯಿಯನ್ನು ಅವಳು ಕಂಡೇ ಇಲ್ಲ. ಕನ್ನಡದಲ್ಲಿ ಈ ಮೂರೂ ಮೂರು ರೂಪ ತಾಳಬೇಕು. ‘ನಾವು ಊರು ಬಿಡಬೇಕಂತೆ’ ಎಂಬುದು ಒಂದು. ‘ನೀರು ಮುಗಿಯಿತು’ ಎಂಬುದು ಇನ್ನೊಂದು. ‘ಅಮ್ಮ, ನೀನು ಚಿತ್ರ ಬರೆಯುತ್ತಿದ್ದೆಯಂತೆ’ ಎಂಬುದು ಮತ್ತೊಂದು. ಕೊನೆಯ ವಾಕ್ಯವನ್ನು ಮತ್ತೊಮ್ಮೆ ನೋಡಬೇಕು. ಮಧ್ಯಮಪುರುಷದ ಮುಂದೆ ‘ಅಂತೆ’ ಬಂದಿದೆ. ಕೇಳುವವಳ ಬದುಕನ್ನೇ ಕೇಳುವವಳಿಗೆ ಪರರ ಮಾತಿನಿಂದ ಹೇಳಲಾಗುತ್ತಿದೆ. ತಾಯಿ ಇದ್ದಿದ್ದರೆ ‘ಹೌದು’ ಎನ್ನುತ್ತಿದ್ದಳು. ಇಂಗ್ಲಿಷ್ ಕಾದಂಬರಿಯು ಸನ್ನಿವೇಶಗಳನ್ನು ಕಟ್ಟಿ ಸಾಧಿಸುವ ಆ ಅಗಲಿಕೆಯ ಭಾವವನ್ನು ಕನ್ನಡದ ವಾಕ್ಯವು ಪ್ರತ್ಯಯದಲ್ಲಿಯೇ ಹೇಳಬಲ್ಲದು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದೆಂಬ ನಿಷ್ಠೆಯಿಂದ ಅನುವಾದಕರು ‘ಬರೆಯುತ್ತಿದ್ದೆ’ ಎಂದಷ್ಟೇ ಬರೆದರೆ, ಶಬ್ದಕ್ಕೆ ನಿಷ್ಠರಾಗಿ ಅರ್ಥಕ್ಕೆ ದೂರವಾದಂತೆ.

ಕನ್ನಡ ನೆಲದ ಪಯಣಗಳಿಗೂ ಈ ಮಾತು ಅನ್ವಯಿಸುತ್ತದೆ. ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. ಅದರ ಶೀರ್ಷಿಕೆಯೊಂದೇ ಭಾಷಾವಿಶ್ಲೇಷಣೆಗೆ ಸಾಕಷ್ಟು ಸಾಮಗ್ರಿ ಒದಗಿಸುತ್ತದೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮಲೆನಾಡಿನ ಊರುಗಳು ನೀರಿನಡಿ ಸೇರಿದವು. ಆ ಅನುಭವಕ್ಕೆ ಜನ ಕೊಟ್ಟ ಹೆಸರು ‘ಮುಳುಗಡೆ’. ಈ ನಾಮಪದವು ಮುಳುಗಿದ್ದನ್ನು ಹೇಳುತ್ತದೆ, ಮುಳುಗಿಸಿದವರನ್ನು ಹೇಳುವುದಿಲ್ಲ. ‘ಬಂದವರು’ ಎಂಬುದು ಬಂದದ್ದನ್ನು ಹೇಳುತ್ತದೆ, ಎಲ್ಲಿಂದ ಎಂಬುದನ್ನು ಓದುಗರ ಕುತೂಹಲಕ್ಕೆ ಬಿಡುತ್ತದೆ. ಊರು ಕಳೆದುಕೊಂಡ ಕುಟುಂಬಗಳ ಮೂರನೆಯ ತಲೆಮಾರಿನ ಮಗು ಹಿನ್ನೀರಿನತ್ತ ಕೈತೋರಿಸಿ ‘ನಮ್ಮ ಊರು ಅಲ್ಲಿತ್ತಂತೆ’ ಎಂದರೆ, ‘ನಮ್ಮ’ ಎಂಬ ಹಕ್ಕೂ ‘ಅಂತೆ’ ಎಂಬ ದೂರವೂ ಒಂದೇ ವಾಕ್ಯದಲ್ಲಿ ಕೂಡಿರುತ್ತವೆ. ವಲಸೆಯ ಕಥೆಗೆ ಇದಕ್ಕಿಂತ ನಿಖರವಾದ ವಾಕ್ಯರೂಪ ಇನ್ನೊಂದಿಲ್ಲ.

ಕೇಳಿಕೆಯ ಹರಿವು ಯಾವಾಗಲೂ ಹಿರಿಯರಿಂದ ಕಿರಿಯರಿಗೇ ಎಂದೇನೂ ಇಲ್ಲ. ಸುಧಾ ಮೂರ್ತಿ ಅವರು ಅಜ್ಜಿಗೆ ಓದು ಕಲಿಸಿದ ಪ್ರಸಂಗವನ್ನು ಹೇಳುವ ಪ್ರಸಿದ್ಧ ಬರಹದಲ್ಲಿ, ‘ಕರ್ಮವೀರ’ದಲ್ಲಿ ಬರುತ್ತಿದ್ದ ತ್ರಿವೇಣಿಯವರ ‘ಕಾಶಿಯಾತ್ರೆ’ಯನ್ನು ಮೊಮ್ಮಗಳು ಓದುತ್ತಾಳೆ, ಅಜ್ಜಿ ಕೇಳುತ್ತಾಳೆ. ಮೊಮ್ಮಗಳು ಊರಲ್ಲಿಲ್ಲದಾಗ ಪತ್ರಿಕೆ ಕೈಯಲ್ಲಿದ್ದರೂ ಕಥೆ ಅಜ್ಜಿಗೆ ದಕ್ಕುವುದಿಲ್ಲ. ಕಥೆಯ ಒಡತಿಯಾಗಿರಬೇಕಾದ ಅಜ್ಜಿ ಅಚ್ಚಿನ ಮುಂದೆ ಪರರ ಬಾಯನ್ನು ಅವಲಂಬಿಸಿದವಳಾಗುತ್ತಾಳೆ. ಅವಳು ಓದಲು ಕಲಿಯುವುದೆಂದರೆ ‘ಅಂತೆ’ಯನ್ನು ದಾಟಿ ತಾನೇ ಕಂಡುಕೊಳ್ಳುವುದು. ಆ ಬರಹವು ಎಲ್ಲ ವಯಸ್ಸಿನ ಓದುಗರನ್ನೂ ತಟ್ಟುವುದಕ್ಕೆ ಈ ತಿರುವೂ ಒಂದು ಕಾರಣ.

6. ಬರೆಯುವವರಿಗೂ ವಿಮರ್ಶಿಸುವವರಿಗೂ

ಇಷ್ಟರಿಂದ, ಪ್ರತಿ ವಾಕ್ಯಕ್ಕೂ ‘ಅಂತೆ’ ಸೇರಿಸಬೇಕೆಂಬ ನಿಯಮ ಹೊರಡುವುದಿಲ್ಲ. ಹೇಳುವ ಕಥೆಯಲ್ಲಿಯೂ ‘ಅಂತೆ’ ಎಲ್ಲ ಕಡೆ ಬರುವುದಿಲ್ಲ. ಕಥೆ ಬಿಸಿಯೇರಿದಾಗ ‘ಬಂದ, ನೋಡಿದ, ಅಂದ’ ಎಂಬ ಬರಿಯ ರೂಪಗಳು ಓಡುತ್ತವೆ. ಕೇಳಿಕೆಯ ಮೊಹರನ್ನು ಎಲ್ಲಿ ಒತ್ತಬೇಕೆಂಬುದೇ ಕೌಶಲ. ಮೂರು ಜಾಗಗಳು ಮುಖ್ಯವೆಂದು ತೋರುತ್ತದೆ: ಕಥೆಯ ಬಾಗಿಲು, ದಾಖಲೆಯಿಂದ ಐತಿಹ್ಯಕ್ಕೆ ಅಥವಾ ಐತಿಹ್ಯದಿಂದ ದಾಖಲೆಗೆ ದಾಟುವ ಗಡಿ, ಮತ್ತು ಪಾತ್ರವು ತನ್ನ ಹಿರಿಯರ ಬದುಕನ್ನು ಹೇಳುವ ಸಂದರ್ಭ. ಉಳಿದೆಡೆ ‘ನು, ಳು’ಗಳು ನಿಶ್ಚಿಂತೆಯಿಂದ ಇರಲಿ.

ಭಾರತೀಯ ಭಾಷೆಗಳ ನಡುವಿನ ಅನುವಾದಕ್ಕೂ ಇಲ್ಲೊಂದು ಸೂಚನೆಯಿದೆ. ತಮಿಳಿನ ‘ಆಮ್’, ತೆಲುಗಿನ ‘ಅಟ’ಗಳಿಂದ ಕನ್ನಡದ ‘ಅಂತೆ’ಗೆ ನೇರವಾದ ದಾರಿಯಿದೆ. ಅದೇ ಕಥೆ ಇಂಗ್ಲಿಷಿನ ಮೂಲಕ ಸುತ್ತಿ ಬಂದರೆ ನಡುವೆ ಆ ಗುರುತು ಉದುರಿಹೋಗುತ್ತದೆ. ಕನ್ನಡ ಅನುವಾದಕರ ಕೈಗೆ ಬರುವುದು ಗುರುತಿಲ್ಲದ ವಾಕ್ಯ. ಎರಡೂ ತುದಿಗಳಲ್ಲಿ ಇರುವ ಸಂಪತ್ತು ನಡುದಾರಿಯಲ್ಲಿ ಕಳೆಯುವುದನ್ನು ತಡೆಯಬೇಕಾದರೆ ಸಂಪಾದಕರು ಮೂಲಭಾಷೆಯ ಕ್ರಿಯಾರೂಪವನ್ನು ಒಮ್ಮೆ ಕೇಳಿ ತಿಳಿಯಬೇಕು.

ವಿಮರ್ಶೆಯ ಪಾಲಿಗೂ ಹೊಸ ಕೆಲಸವಿದೆ. ಇತಿಹಾಸವನ್ನೋ ಜಾನಪದವನ್ನೋ ಆಧರಿಸಿದ ಮಕ್ಕಳ ಪುಸ್ತಕ ಕೈಗೆ ಬಂದಾಗ, ‘ಸಂಗತಿಗಳು ಸರಿಯಾಗಿವೆಯೆ’ ಎಂದು ಮಾತ್ರ ಕೇಳುವುದು ಸಾಲದು. ಸರಿಯಾದ ಸಂಗತಿಯನ್ನು ತಪ್ಪಾದ ಆಧಾರದ ಮೇಲೆ ನಿಲ್ಲಿಸುವುದು ಸಾಧ್ಯ. ಖಚಿತವಲ್ಲದ ಸಂಗತಿಯನ್ನು ಪ್ರಾಮಾಣಿಕವಾಗಿ ಹೇಳುವುದೂ ಸಾಧ್ಯ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ಆದ ವ್ಯಾಕರಣ ಬೇಕೆಂದು ವಾದಿಸಿದಾಗ ಅವರ ಕಾಳಜಿ ಈ ಭಾಷೆ ಏನನ್ನು ಗುರುತಿಸುತ್ತದೆಯೋ ಅದನ್ನು ನಾವೂ ಗುರುತಿಸಬೇಕೆಂಬುದಾಗಿತ್ತು. ಮಕ್ಕಳ ಗದ್ಯದ ವಿಮರ್ಶೆಗೂ ಆ ಕಾಳಜಿ ಸಲ್ಲುತ್ತದೆ.

‘ಇದ್ದನು’ ಎಂದು ಮಾತ್ರ ಕೇಳಿ ಬೆಳೆದ ಮಗುವಿಗೆ ಎರಡೇ ದಾರಿಗಳು: ಎಲ್ಲವನ್ನೂ ನಂಬುವುದು, ಅಥವಾ ದೊಡ್ಡವನಾದ ಮೇಲೆ ಒಂದು ಸುಳ್ಳಾಯಿತೆಂದು ಎಲ್ಲವನ್ನೂ ತಳ್ಳಿಹಾಕುವುದು. ‘ಇದ್ದನಂತೆ’ ಎಂದೂ ಕೇಳಿದ ಮಗುವಿಗೆ ಮೂರನೆಯ ದಾರಿಯೊಂದು ತೆರೆದಿರುತ್ತದೆ. ಅದು ‘ಯಾರು ಹೇಳಿದರು?’ ಎಂದು ಕೇಳಬಲ್ಲದು. ಇತಿಹಾಸದ ಅಧ್ಯಯನ ಆರಂಭವಾಗುವುದು ಆ ಪ್ರಶ್ನೆಯಿಂದಲೇ. ಅದಕ್ಕೆ ಬೇಕಾದ ಪ್ರತ್ಯಯವನ್ನು ಕನ್ನಡದ ಮಗು ಶಾಲೆಗೆ ಬರುವ ಮುನ್ನವೇ ಮನೆಯಿಂದ ತಂದಿರುತ್ತದೆ. ಪುಸ್ತಕವು ಅದನ್ನು ಕಿತ್ತುಕೊಳ್ಳಬಾರದು.